ತಿರುಗಿಸಿ ನೋಡದ ಸೀರೆ

ಸೀರೆ ಕೈಗೆ ಬಂದರೆ ನೇಕಾರ ಮೊದಲು ತಿರುಗಿಸಿ ಅದರ ಹಿಂಬದಿ ನೋಡುತ್ತಾನೆ. ಬೀಗರು ಕೊಟ್ಟ ಸೀರೆಯನ್ನು ಅವರೆದುರೇ ತಿರುಗಿಸಿ ನೋಡಿ ನಮ್ಮ ಹೆಂಗಸರು ಎಷ್ಟೋ ಸಲ ಮಾತು ಕೇಳಿದ್ದಾರೆ. ಮುಖದ ಕಡೆ ಎಲ್ಲವೂ ಚೆಂದವೇ. ಯಾವ ಎಳೆ ಎಲ್ಲಿ ಎದ್ದಿದೆ, ಎಲ್ಲಿ ಮುಳುಗಿದೆ ಎಂಬುದು ಗೊತ್ತಾಗುವುದು ಹಿಂದಿನಿಂದಲೇ. ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಹುಟ್ಟಿದವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

ಆದರೂ ವರ್ಷಗಳ ಹಿಂದೆ ಒಂದು ದಿನ, ಒಂದು ದೂರಿನ ತೀರ್ಮಾನಕ್ಕೆ ಕೂತ ನಾವು ಆರು ಜನ ಎರಡು ಸೀರೆ ನೋಡಿದೆವು, ಒಬ್ಬನೂ ತಿರುಗಿಸಲಿಲ್ಲ.

ದೂರು ತಂದವರು ಬೀದಿಯ ಹಿರಿಯರು, ಇಪ್ಪತ್ತು ಮಗ್ಗಗಳ ಯಜಮಾನರು. ದೂರು ನನ್ನ ಗೆಳೆಯನ ಮೇಲೆ. ಅವನಿಗಿದ್ದದ್ದು ನಾಲ್ಕೇ ಮಗ್ಗ. ತಮ್ಮ ಬಾರ್ಡರಿನ ಡಿಸೈನನ್ನು ಅವನು ಕದ್ದಿದ್ದಾನೆ ಎಂದು ಅವರ ಸಿಟ್ಟು. ಕದ್ದದ್ದು ಹೌದೆಂದು ಬೀದಿ ತೀರ್ಮಾನಿಸಿದರೆ ಅವನಿಗೆ ನೂಲು ಕೊಡುವವರಿಲ್ಲ, ಅವನ ಮಾಲು ಎತ್ತುವವರಿಲ್ಲ. ನಾಲ್ಕು ಮಗ್ಗವೂ ನಿಂತಂತೆಯೇ.

ಅವನ ಡಿಸೈನು ಬರೆದವನು ನಾನು. ಗ್ರಾಫ್ ಹಾಳೆಯ ಮೇಲೆ ಹೂವು ಬಳ್ಳಿ ಬರೆದು, ಮಗ್ಗಕ್ಕೆ ತೂತಿನ ಕಾರ್ಡು ಹೊಡೆದುಕೊಡುವುದೇ ನನ್ನ ಕಸುಬು. ಹಿರಿಯರ ಹೂವಿಗೆ ಎಂಟು ದಳ, ನಾನು ಬರೆದದ್ದಕ್ಕೆ ಏಳು. ಬಳ್ಳಿ ಬಾಗುವ ದಿಕ್ಕೂ ಬೇರೆ. ಜರಿಯ ಹೊಳಪಿನಲ್ಲಿ ಈ ವ್ಯತ್ಯಾಸ ಮುಂದಿನಿಂದ ಸುಲಭಕ್ಕೆ ಕಾಣುವುದಿಲ್ಲ, ತಿರುಗಿಸಿದರೆ ಮಕ್ಕಳೂ ಹೇಳಿಯಾರು.

ನೇಕಾರರ ಸಂಘದ ಕೋಣೆಯಲ್ಲಿ ಮೇಜಿನ ಮೇಲೆ ಎರಡೂ ಸೀರೆ ಹರವಿದ್ದರು.

"ನಾನೇನೂ ಬಾಯ್ಬಿಡಲ್ಲ, ನೀವೇ ಹೇಳ್ರಪ್ಪಾ" ಎಂದರು ಹಿರಿಯರು. ಹಾಗೆಂದು ಒಬ್ಬೊಬ್ಬರ ಮುಖವನ್ನೇ ನೋಡುತ್ತ ಕೂತರು.

"ಒಂದೇ ಅಲ್ವೇನಣ್ಣಾ" ಎಂದ ಮೊದಲನೆಯವನು.

"ಇದ್ರಲ್ಲಿ ನೋಡೋದೇನೈತೆ?" ಎಂದ ಎರಡನೆಯವನು. ಮೂರನೆಯವನೂ ನಾಲ್ಕನೆಯವನೂ ಬರೀ ಹೌದೆಂದು ತಲೆಯಾಡಿಸಿದರು.

"ಯಾರತ್ರ ಬರೆಸ್ದೆ? ಹೇಳ್ಲಾ" ಎಂದು ಯಾರೋ ಗೆಳೆಯನನ್ನು ಗದರಿದರು. ಅವನು ನನ್ನ ಹೆಸರು ಹೇಳಲಿಲ್ಲ. ನಾನೇ ಹೇಳುತ್ತೇನೆಂದು ಕಾದಿದ್ದ, ಅಷ್ಟೇ. ನನ್ನ ಸರದಿ ಬಂದಾಗ ಮೆಲ್ಲಗೆ ಅಂದ: "ಒಂದ್ಸಲ ತಿರುಗ್ಸಿ ನೋಡು ಗುರು."

ನಾನು ಕೈ ಕಟ್ಟಿಕೊಂಡೇ ಇದ್ದೆ. "ಒಂದೇ ಥರ ಕಾಣ್ತದೆ" ಎಂದೆ.

ಕೊನೆಗೆ ಉಳಿದವರು ನಮ್ಮ ಬೀದಿಯ ಮುದುಕ ನೇಕಾರರು. ಅವರ ಬೆರಳು ಆಗಲೇ ಸೀರೆಯ ಅಂಚು ಹಿಡಿದಿತ್ತು. ನನ್ನ ಮಾತು ಕೇಳಿ ಅಂಚನ್ನು ಬಿಟ್ಟುಬಿಟ್ಟರು. "ಡಿಸೈನು ಬರೆಯೋನೇ ಹೇಳ್ದ ಮೇಲೆ ಇನ್ನೇನಪ್ಪಾ" ಎಂದರು.

ನಾಲ್ಕು ಜನ ಒಂದೇ ಎಂದ ಮೇಲೆ ನನಗೂ ಒಂದು ಕ್ಷಣ ಒಂದೇ ಥರ ಕಂಡಿತು ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಸುಳ್ಳು. ನನಗೆ ಏಳು ದಳವೂ ಕಂಡವು. ಕಂಡದ್ದನ್ನು ಹೇಳಿದರೆ ಆ ಕೋಣೆಯಲ್ಲಿ ನಾನೂ ಅವನ ಪಕ್ಕ ನಿಲ್ಲಬೇಕಾಗಿತ್ತು. "ಕಾಣ್ತದೆ" ಎಂದು ಒಂದು ಪದ ಸೇರಿಸಿದೆನಲ್ಲ, ಅಷ್ಟೇ ನನ್ನ ಪೌರುಷ. ಗೆಳೆಯ ವರ್ಷದೊಳಗೆ ಮಗ್ಗಗಳನ್ನು ಗುಜರಿಗೆ ಹಾಕಿ ಸೋಂಪುರದ ಒಂದು ಫ್ಯಾಕ್ಟರಿಗೆ ಸೇರಿದ. ಬೆಳಿಗ್ಗೆ ಕಂಪನಿ ಬಸ್ಸಿಗೆ ಕಾಯುತ್ತ ನಿಂತಿರುತ್ತಾನೆ. ನಾನು ಆ ರಸ್ತೆಯನ್ನೇ ಬಿಟ್ಟಿದ್ದೇನೆ.

ಹೋದ ತಿಂಗಳು ಒಂದು ಭಾನುವಾರ, ಕಾಲೇಜಿನಲ್ಲಿ ಮನಃಶಾಸ್ತ್ರ ಓದುವ ಮಗಳು ನಾಲ್ವರು ಗೆಳತಿಯರನ್ನು ಮನೆಗೆ ಕರೆತಂದಳು. ಒಂದು ರಟ್ಟಿನ ಮೇಲೆ ಒಂದು ಗೆರೆ, ಇನ್ನೊಂದರ ಮೇಲೆ ಮೂರು. ಮೊದಲಿನ ಗೆರೆಯಷ್ಟೇ ಉದ್ದದ್ದು ಆ ಮೂರರಲ್ಲಿ ಯಾವುದು ಎಂದು ಹೇಳಬೇಕು. ಹುಡುಗಿಯರೆಲ್ಲ ಒಬ್ಬರ ಹಿಂದೊಬ್ಬರು ಮೂರನೆಯದು ಎಂದರು. ಕಣ್ಣಿದ್ದ ಯಾರಿಗಾದರೂ ಅದು ಬೆರಳುದ್ದ ಹೆಚ್ಚು ಕಾಣುತ್ತಿತ್ತು.

"ಏನ್ರಮ್ಮಾ, ನಿಮ್ಗೆಲ್ಲ ಕಣ್ಣು ಕಾಣಲ್ವಾ? ಎರಡನೇದು!" ಎಂದು ರೇಗಿದೆ.

ಮಗಳು ಚಪ್ಪಾಳೆ ತಟ್ಟಿದಳು. ಬೇಕೆಂದೇ ತಪ್ಪು ಹೇಳಲು ಅವರಿಗೆ ಮೊದಲೇ ಹೇಳಿಕೊಟ್ಟಿದ್ದಳಂತೆ. ಜನ ಗುಂಪಿನ ಮಾತಿಗೆ ಹೇಗೆ ಬಾಗುತ್ತಾರೆ ಎಂದು ನೋಡಲು ವಿದ್ವಾಂಸರು ಹಿಂದೆ ಹೀಗೇ ಮಾಡಿದ್ದರಂತೆ. ಎಷ್ಟೋ ಜನ ಕಣ್ಣಾರೆ ಕಂಡದ್ದನ್ನು ಬಿಟ್ಟು ಗುಂಪು ಹೇಳಿದ್ದನ್ನೇ ಹೇಳಿದರಂತೆ.

"ಆದ್ರೆ ಅಪ್ಪಾ, ಗುಂಪಲ್ಲಿ ಒಬ್ರೇ ಒಬ್ರು ಸರಿಯಾಗಿ ಹೇಳ್ಬಿಟ್ರೆ ಸಾಕಂತೆ. ಆಮೇಲೆ ಹೇಳೋರಿಗೂ ಧೈರ್ಯ ಬರತ್ತಂತೆ. ನಿನ್ನಂಥೋರು ಒಬ್ರು ಇದ್ರೆ ಸಾಕು."

ಮುದುಕರ ಬೆರಳು ಸೀರೆಯ ಅಂಚನ್ನು ಬಿಟ್ಟದ್ದು ಕಣ್ಣೆದುರು ಬಂತು. ಗೆರೆ ಯಾರ ಮಗ್ಗದ್ದೂ ಅಲ್ಲ ಕಣಮ್ಮಾ, ಅದಕ್ಕೆ ಹೇಳಿದೆ ಎಂದು ಬಾಯಿಗೆ ಬಂದಿತ್ತು.

ಅಷ್ಟರಲ್ಲಿ ಅವಳು ನೋಟ್ಸ್ ಪುಸ್ತಕ ತೆಗೆದು, ಗುಂಪಿಗೆ ಬಾಗದವರ ಸಾಲಿನಲ್ಲಿ "ಅಪ್ಪ" ಎಂದು ಬರೆಯತೊಡಗಿದಳು. ಗೆಳತಿಯರೆಲ್ಲ ನನ್ನನ್ನೇ ಮೆಚ್ಚುಗೆಯಿಂದ ನೋಡುತ್ತಿದ್ದರು. ನಾನು ಮತ್ತೆ ಕೈ ಕಟ್ಟಿಕೊಂಡೆ.