ಜಡ್ಜಣ್ಣನ ಕೈ

ನಮ್ಮ ಯಜಮಾನರಿಗೆ ಬೀದಿಯವರೆಲ್ಲ ಸೇರಿ ಇಟ್ಟ ಹೆಸರು ಜಡ್ಜಣ್ಣ. ಕೋರ್ಟಿನ ಮೆಟ್ಟಿಲು ಹತ್ತಿದವರೇನಲ್ಲ. ಟಿವಿಗೆ ಜೋಡಿಸಿ ಆಡುವ ಗೇಮ್ ಕನ್ಸೋಲ್ ಮಾರುವ, ಕೆಟ್ಟರೆ ರಿಪೇರಿ ಮಾಡುವ ಅಂಗಡಿ ಇವರದು. ಕೆಳಗೆ ಅಂಗಡಿ, ಮೇಲೆ ಮನೆ. ಹೊಸ ಕನ್ಸೋಲ್ ಬಂದಾಗೆಲ್ಲ ಕಂಪನಿಯವರು ಇದು ಮುಂದಿನ ತಲೆಮಾರಿನದು ಅಂತ ಡಂಗುರ ಸಾರುತ್ತಾರೆ. ಜನ ಮಾತ್ರ ಜಡ್ಜಣ್ಣ ಏನಂತಾರೆ ಅಂತ ಕಾಯುತ್ತಾರೆ. ಇವರು ಮೂಗು ಮುರಿದರೆ ಅದರ ಕತೆ ಮುಗಿದಂತೆ. ಒಮ್ಮೆ ಒಂದನ್ನು ಆಡಿ ನೋಡಿ, "ಹಳೇ ಗಂಡನಿಗೆ ಹೊಸ ಅಂಗಿ ಹಾಕಿದಾರೆ, ಅಷ್ಟೇ" ಅಂದರು. ಅದು ಶೋಕೇಸಿನಲ್ಲೇ ಧೂಳು ತಿಂದಿತು. ನಾನಂತೂ ಹೊಟ್ಟೆ ಹಿಡಿದುಕೊಂಡು ನಕ್ಕೆ, ಹಳೇ ಗಂಡ ಹೇಗಿರುತ್ತಾನೆಂದು ನನಗೆ ಗೊತ್ತಿಲ್ಲವೇ!

ಇವರಿಗೆ ಕಣ್ಣಿಗಿಂತ ಕೈ ಮೇಲೆ ನಂಬಿಕೆ. "ಟಿವಿ ದೊಡ್ಡದು ತಂದ್ರೆ ಚಿತ್ರ ಹೇಗೂ ಚೆನ್ನಾಗೇ ಕಾಣತ್ತೆ ಕಣೇ. ಹೊಸದು ಅನ್ನೋದು ಕೈಗೆ ಗೊತ್ತಾಗ್ಬೇಕು" ಅನ್ನುತ್ತಿದ್ದರು. ಗುಂಡಿ ಒತ್ತಿದ್ದಕ್ಕೂ ಪರದೆಯ ಮೇಲಿನವನು ಹಾರಿದ್ದಕ್ಕೂ ನಡುವೆ ಕೂದಲೆಳೆಯಷ್ಟು ತಡವಾದರೂ ಇವರ ಬೆರಳು ಹಿಡಿದುಬಿಡುತ್ತಿತ್ತು. ಆ ಬೆರಳುಗಳ ಬಗ್ಗೆ ಜಂಬವೂ ಇತ್ತು, ಇಲ್ಲವೆನ್ನಲಾರೆ.

ಆ ಬೆರಳುಗಳಿಗೇ ಜೋಮು ಹಿಡಿಯಿತು. ಅಂಗಿಯ ಗುಂಡಿ ಹಾಕಿಕೊಳ್ಳಲು ತಡಕಾಡುವರು. ಒಲೆಯ ಮೇಲಿನ ಪಾತ್ರೆಯನ್ನು ಬರಿಗೈಯಲ್ಲಿ ಎತ್ತಿ ಏನೂ ಆಗದವರಂತೆ ನಿಲ್ಲುವರು, ಕಿರುಚುತ್ತಿದ್ದವಳು ನಾನು. ಡಾಕ್ಟರು ನೋಡಿ, ಮಣಿಕಟ್ಟಿನಲ್ಲಿ ನರ ಒತ್ತಿಹೋಗಿದೆ, ವರ್ಷಗಟ್ಟಲೆ ಅವೇ ಗುಂಡಿ ಒತ್ತಿದ ಫಲ, ಆಪರೇಷನ್ ಮಾಡಿಸಿ ಅಂದರು. ಪೂರ್ತಿ ಸರಿಹೋಗುತ್ತೆ ಅಂತ ಮಾತ್ರ ಹೇಳಲಿಲ್ಲ. ಇವರು ಆಪರೇಷನ್ನನ್ನೂ ಮುಂದೂಡಿದರು, ನನ್ನ ಬಾಯಿಗೂ ಬೀಗ ಹಾಕಿದರು. ಕೈ ಹೋಯಿತೆಂದು ಗೊತ್ತಾದರೆ ಇವರ ಮಾತಿಗೆ ಕಾಸಿನ ಬೆಲೆ ಇರುವುದಿಲ್ಲ ಅನ್ನುವುದು ಇವರ ಭಯ.

ಅಷ್ಟರಲ್ಲಿ ಬಂತು ನೋಡಿ ಹೊಸ ಕನ್ಸೋಲ್. ಅದರ ಹೆಚ್ಚುಗಾರಿಕೆಯೆಲ್ಲ ಕೈಯದ್ದೇ. ಪರದೆಯ ಮೇಲಿನವನು ಮರಳಲ್ಲಿ ನಡೆದರೆ ಮರಳು, ಮಂಜುಗಡ್ಡೆಯ ಮೇಲೆ ನಡೆದರೆ ಮಂಜುಗಡ್ಡೆ ನಮ್ಮ ಅಂಗೈಗೆ ತಿಳಿಯುವಂತೆ, ಆಡುವಾಗ ಕೈಯಲ್ಲಿ ಹಿಡಿಯುವ ಕಂಟ್ರೋಲರ್ ನಡುಗುತ್ತದಂತೆ. ಇವರು ಒಂದು ಮಧ್ಯಾಹ್ನ ಅಂಗಡಿ ಬಾಗಿಲು ಎಳೆದುಕೊಂಡು ಒಬ್ಬರೇ ಆಡಿದರು. ಆಟ ಕಣ್ಣು ಮಿಟುಕಿಸುವಷ್ಟರಲ್ಲಿ ಲೋಡ್ ಆಗುತ್ತೆ, ಫ್ಯಾನಿನ ಸದ್ದೇ ಇಲ್ಲ, ನೀರಿನ ಮೇಲೆ ಬೆಳಕು ನಿಜದ ಹಾಗೇ ಬೀಳುತ್ತೆ. ಇಷ್ಟನ್ನೂ ಒಪ್ಪಿದರು. ಆಮೇಲೆ ಮೇಲೆ ಬಂದು, ಸೊಪ್ಪು ಬಿಡಿಸುತ್ತಿದ್ದ ನನ್ನ ಮುಂದೆ ನಿಂತರು. ಕಣ್ಣು ಮಾತ್ರ ಸೊಪ್ಪಿನ ಮೇಲಿತ್ತು.

"ಸ್ವಲ್ಪ ಕೆಳಗೆ ಬಾರೇ. ಅದನ್ನ ಹಿಡ್ಕೊಂಡು ಏನನ್ಸತ್ತೆ ಹೇಳು."

"ನಾನಾ? ಟಿವಿ ರಿಮೋಟೇ ನನ್ನ ಮಾತು ಕೇಳಲ್ಲ ರೀ."

"ತಮಾಷೆ ಬೇಡ. ಬಾ."

ಹೋದೆ. ಇವರು ಹೇಳಿದ ಕಡೆ ಕಂಟ್ರೋಲರಿನ ಕಡ್ಡಿ ತಿರುಗಿಸಿದೆ. ಮರಳು ಬಂದಾಗ, "ಅಯ್ಯೋ ರೀ, ತೂತಾದ ಚೀಲದಿಂದ ಸಕ್ಕರೆ ಸುರಿದ ಹಾಗಿದೆ!" ಅಂದೆ. ಮಂಜುಗಡ್ಡೆಗೆ, ಗಾಜಿನ ಲೋಟಕ್ಕೆ ಉಗುರು ತಾಗಿದ ಹಾಗೆ ಅಂದೆ. ಮಳೆಗೆ, ಅಂಗೈ ಮೇಲೆ ಸಾಸಿವೆ ಉದುರಿಸಿದ ಹಾಗೆ ಅಂದೆ. ಇವರು ಕಣ್ಣು ಮುಚ್ಚಿ ಕೇಳುತ್ತಿದ್ದರು, ತುಟಿ ಅಲ್ಲಾಡುತ್ತಿತ್ತು. ನನ್ನ ಮಾತನ್ನು ಬಾಯಿಪಾಠ ಮಾಡಿಕೊಳ್ಳುತ್ತಿದ್ದಾರೆಂದು ನನಗೆ ಆಗ ಹೊಳೆಯಲಿಲ್ಲ.

ಹೊಳೆದದ್ದು ಮಾರನೆಯ ದಿನ, ಟೀ ಹಿಡಿದು ಅಂಗಡಿಗಿಳಿದಾಗ. "ಅಂಗೈ ಮೇಲೆ ಸಾಸಿವೆ ಉದುರಿಸಿದ ಹಾಗಿರತ್ತೆ ಸ್ವಾಮಿ!" ಅಂತ ಇವರು ಗಿರಾಕಿಗಳಿಗೆ ಹೇಳುತ್ತಿದ್ದರು. ಜಡ್ಜಣ್ಣ ಇಷ್ಟು ಚೆನ್ನಾಗಿ ಯಾವತ್ತೂ ಹೇಳಿರಲಿಲ್ಲ ಅಂತ ಜನ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ನನ್ನ ಕಿವಿ ಬಿಸಿಯಾಯಿತು. ಟೀ ಇಟ್ಟು ತಿರುಗಿ ನೋಡದೆ ಮೆಟ್ಟಿಲು ಹತ್ತಿದೆ.

ಆ ವಾರ ಹಾಗೇ ನಡೆಯಿತು. ರಜೆಯ ದಿನ ಅಂಗಡಿ ತುಂಬ ಜನ, ಕೈ ಜೋಡಿಸಲು ನಾನೂ ಕೌಂಟರಿನ ಹಿಂದೆ ನಿಂತಿದ್ದೆ. ಮೊದಲು ನಮ್ಮ ಬೀದಿಯ ಟೀಚರಮ್ಮ ಆಡಿ ನೋಡಿದರು. ಕೈಗೆ ಕಚಗುಳಿಯಾಗುತ್ತೆ ಅಂದದ್ದಕ್ಕೆ ಇವರು ಸೆಟ್ಟಿಂಗಿನಲ್ಲಿ ನಡುಕವನ್ನು ಆಫ್ ಮಾಡಿ ಕೊಟ್ಟರು. ಅವರು ಆಡಿ ಮುಗಿಸಿ ಅಲ್ಲೇ ಸ್ಟೂಲಿನ ಮೇಲೆ ಕೂತರು. ಆಮೇಲೆ ಬಂದವನು ಬಸ್ ಡ್ರೈವರ್. ದಿನವಿಡೀ ಬಸ್ ಓಡಿಸಿ, ಮನೆಗೆ ಹೋಗಿ ಮತ್ತೆ ಕಾರ್ ಆಟ ಆಡುವ ಪುಣ್ಯಾತ್ಮ. ನಡುಕವನ್ನು ಮತ್ತೆ ಆನ್ ಮಾಡಬೇಕೆಂದು ಇವರಿಗೆ ನೆನಪಾಗಲಿಲ್ಲ. ನೆನಪಿಸೋಣವೆಂದರೆ ಕೈಗೂ ಏನೂ ತಿಳಿಯುತ್ತಿರಲಿಲ್ಲ.

"ಈಗ ನೋಡಿ, ಮರಳು. ಚೀಲದಿಂದ ಸಕ್ಕರೆ ಸುರಿದ ಹಾಗೆ… ಆಹಾ! ಈಗ ಮಂಜುಗಡ್ಡೆ…" ಇವರು ಕಣ್ಣು ಅರೆಮುಚ್ಚಿ ತಲೆದೂಗಿದರು. ಆಮೇಲೆ ಕಂಟ್ರೋಲರನ್ನು ಡ್ರೈವರನ ಕೈಗೆ ಕೊಟ್ಟರು.

ಅವನು ಮರಳಲ್ಲಿ ನಡೆಸಿದ, ಮಂಜುಗಡ್ಡೆಯ ಮೇಲೆ ನಡೆಸಿದ, ಕಂಟ್ರೋಲರನ್ನು ತಿರುಗಿಸಿ ನೋಡಿದ. ಮೆಲ್ಲಗೆ, "ಅಣ್ಣ, ಇದರಲ್ಲಿ ಏನೂ ಬರ್ತಿಲ್ವಲ್ಲ" ಅಂದ.

"ಬರತ್ತೆ, ಸ್ವಲ್ಪ ಗಮನ ಕೊಡ್ಬೇಕು. ಕೊಡಿ ಇಲ್ಲಿ." ಇವರು ಮತ್ತೆ ಹಿಡಿದರು. "ಇಗೋ, ಬಂತಲ್ಲ."

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಟೀಚರಮ್ಮ, ಪಾಪ, ಒಳ್ಳೆಯ ಮನಸ್ಸಿನಿಂದಲೇ ಹೇಳಿದರು: "ಆಗಲೇ ನೀವೇ ಆಫ್ ಮಾಡಿದ್ರಲ್ಲ ಸರ್, ನನಗೋಸ್ಕರ?"

ಇವರ ಮುಖ ಬಿಳಿಚಿಕೊಂಡಿತು, ಆಮೇಲೆ ಕಿವಿಯ ತುದಿಯವರೆಗೂ ಕೆಂಪಾಯಿತು. ನನಗೋ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮರೆತೆ ಅಂತ ನಕ್ಕುಬಿಡಿ, ಏನಾದರೂ ಒಂದು ಸುಳ್ಳು ಹೇಳಿ ಅಂತ ಮನಸ್ಸಿನಲ್ಲೇ ಬೇಡಿಕೊಂಡೆ. ಇವರು ಕಂಟ್ರೋಲರನ್ನು ಕೌಂಟರಿನ ಮೇಲಿಟ್ಟರು.

"ನನ್ನ ಕೈಗೆ ಈಗ ಏನೂ ತಿಳಿಯಲ್ಲ. ಸಕ್ಕರೆ, ಸಾಸಿವೆ ಎಲ್ಲ ಇವಳು ಹೇಳಿದ್ದು. ನಾನು ಪಾಠ ಒಪ್ಪಿಸ್ತಿದ್ದೆ ಅಷ್ಟೇ."

ಇವರು ತಡಕಾಡಿಕೊಂಡು ಸೆಟ್ಟಿಂಗ್ ತೆರೆದು ನಡುಕವನ್ನು ಆನ್ ಮಾಡಿ, ಕಂಟ್ರೋಲರನ್ನು ನನ್ನ ಕೈಗಿಟ್ಟರು. "ನೀನೇ ನೋಡಿ ಹೇಳು. ನಿಜವಾಗ್ಲೂ ಹೊಸದಾ, ಇಲ್ಲಾ ಬರೀ ಬಡಾಯಿನಾ?"

ಬಡಾಯಿ ಅಂದುಬಿಟ್ಟರೆ ಇವರ ಮರ್ಯಾದೆ ಸ್ವಲ್ಪವಾದರೂ ಉಳಿಯುತ್ತಿತ್ತು. ಕೈ ಸರಿ ಇದ್ದವರಿಗೂ ದೊಡ್ಡ ವ್ಯತ್ಯಾಸವೇನಿಲ್ಲ ಅಂದುಕೊಂಡು ಜನ ಹೋಗುತ್ತಿದ್ದರು. ಮಾತು ನಾಲಿಗೆ ತುದಿಗೆ ಬಂದಿತ್ತು. ಅಷ್ಟರಲ್ಲಿ ಅಂಗೈಯಲ್ಲಿ ಮರಳು ಶುರುವಾಯಿತು.

"ಹೊಸದೇ ರೀ" ಅಂದೆ.

ಇವರು ತಲೆಯಾಡಿಸಿದರು. ಡ್ರೈವರನಿಗೆ, "ತಗೊಳ್ಳಿ, ಒಳ್ಳೇ ಮಾಲು" ಅಂದು ಹಿಂದಿನ ಕೋಣೆಗೆ ಹೋದರು. ನಲ್ಲಿ ಬಿಟ್ಟ ಸದ್ದು ಕೇಳಿಸಿತು. ನೀರು ಸುಮ್ಮನೆ ಹರಿಯುತ್ತಲೇ ಇತ್ತು.

ನಾನು ಹಿಂದೆಯೇ ಹೋಗಬೇಕಿತ್ತು. ಹೋಗಲಿಲ್ಲ. ಹೇಳಲು ನಾಚಿಕೆಯಾಗುತ್ತೆ, ಮಂಜುಗಡ್ಡೆ ಬರಲಿ, ಅದೊಂದು ನೋಡಿಕೊಂಡು ಹೋಗೋಣ ಅಂತ ಕಂಟ್ರೋಲರ್ ಹಿಡಿದು ಅಲ್ಲೇ ನಿಂತಿದ್ದೆ.