ಹಿಂಬಾಗಿಲಿಗೆ ಅಡ್ಡ ಮಲಗುವ ಹೊನ್ನು

ರಾತ್ರಿ ಒಂದೂವರೆಗೆ ಚಿಲಕ ಸಣ್ಣಗೆ ಸರಿದ ಸದ್ದು. ಅಂಕೋಲೆಯ ಈ ಹೆಣ್ಣುಮಕ್ಕಳ ಹಾಸ್ಟೆಲ್ಲಿನ ಅಡುಗೆಯವಳು ಹೊನ್ನು ಹಿಂಬಾಗಿಲಿಗೆ ಅಡ್ಡ ಮಲಗಿದ್ದಾಳೆ. ಒಂಬತ್ತನೆಯ ತರಗತಿಯ ರೂಪಾಳ ಕೈ ಇನ್ನೂ ಚಿಲಕದ ಮೇಲಿದೆ. (ಹೊನ್ನುವಿನ ಬಗ್ಗೆ ಬರೆಯಲು ಬಂದ ನಾನು ಅಡುಗೆಮನೆಯ ಮೂಲೆಯಲ್ಲಿದ್ದೇನೆ; ಹೆಸರುಗಳನ್ನು ಬದಲಿಸಿದ್ದೇನೆ.)

ಹೊನ್ನು ಬೈಯುವುದಿಲ್ಲ. ಮೊರ ಮುಂದೆ ತಳ್ಳುತ್ತಾಳೆ. "ಬಂದ್ಯಾ ಮಗಾ? ಕೂತ್ಕೋ, ಅಕ್ಕಿ ಆರ್ಸು. ಒಂದ್ ಕಲ್ಲು ಉಳಿದ್ರೂ ವಾರ್ಡನ್ ಬಾಯೋರ ಹಲ್ಲು ಹೋಗ್ತದೆ, ಆಮೇಲೆ ನಮ್ಮಿಬ್ರಿಗೂ ಮನೆ ದಾರಿ."

ಹುಡುಗಿ ನಗುವುದಿಲ್ಲ. ಮೂರು ಗಂಟೆಯ ಸುಮಾರಿಗೆ, ತಲೆಯೆತ್ತದೆ, ಮಾತಾಡುತ್ತಾಳೆ. ಗಣಿತದಲ್ಲಿ ಹನ್ನೊಂದು ಅಂಕ ಬಂದಿದೆ. ಫೇಲಾದರೆ ಮನೆಗೆ ಕಾಲಿಡಬೇಡ ಎಂದು ಅಪ್ಪ ಹೇಳಿದ್ದಾನೆ. "ನಾ ಇಲ್ದಿದ್ರೆ ಯಾರಿಗೂ ತ್ರಾಸಿಲ್ಲ."

"ಸಾಯ್ಬೇಕು ಅನ್ನಿಸ್ತದ್ಯಾ?" ಹೊನ್ನು ನೇರವಾಗಿ ಕೇಳುತ್ತಾಳೆ. ಹುಡುಗಿ ಹೌದೆಂದು ತಲೆಯಾಡಿಸುತ್ತಾಳೆ. ಬೆಳಗಿನ ಗಂಜಿ ಇಳಿಯುವವರೆಗೂ ಹೊನ್ನು ಅವಳ ಪಕ್ಕದಿಂದ ಏಳುವುದಿಲ್ಲ.

ಬೊಬ್ರುವಾಡದ ಹೊನ್ನುವಿಗೆ ಈಗ ನಲವತ್ತಾರು. ಹನ್ನೊಂದು ವರ್ಷದಿಂದ ಅರವತ್ತೆರಡು ಹುಡುಗಿಯರಿಗೆ ಎರಡು ಹೊತ್ತು ಬೇಯಿಸುತ್ತಾಳೆ. ರಾತ್ರಿಯ ಕಾವಲು ಅವಳ ಕೆಲಸವಲ್ಲ, ಯಾರೂ ಹೇಳಿಯೂ ಇಲ್ಲ. ಬುಧವಾರದ ಮೀನೂಟದಲ್ಲಿ ಅವಳ ಕಣ್ಣು ತಟ್ಟೆಗಳ ಮೇಲಿರುತ್ತದೆ. "ಜ್ವರ ಬಂದ್ರೂ ನಮ್ಮ ಮಕ್ಳು ಮೀನು ಬಿಡೂದಿಲ್ಲ ಅಕ್ಕೋರೆ. ತನ್ನ ತುಂಡು ಪಕ್ಕದವ್ಳಿಗೆ ಕೊಟ್ಳು ಅಂದ್ರೆ ಆ ರಾತ್ರಿ ನಾ ಹಿಂಬಾಗ್ಲಿಗೆ ಅಡ್ಡ ಮಲಗ್ತೆ."

ಹಿಲ್ಲೂರಿನ ದೇವಿ ಮೂರು ಬುಧವಾರ ಹಾಗೆ ಕೊಟ್ಟಿದ್ದಳು. ಹೊನ್ನು ಕೆಲಸಕ್ಕೆ ಸೇರಿದ ಹೊಸತರ ಮಾತು. ಹೊನ್ನು ವಾರ್ಡನ್‌ಗೆ ಹೇಳಿದಳು. ಹಾಸ್ಟೆಲ್ಲಿಗೆ ಕೆಟ್ಟ ಹೆಸರು ಬೇಡವೆಂದು ಅಪ್ಪನನ್ನು ಕರೆಸಿ ದೇವಿಯನ್ನು ಮನೆಗೆ ಕಳಿಸಿದರು. ಎಂಟನೆಯ ದಿನ ಅವಳ ಸಾವಿನ ಸುದ್ದಿ ಬಂತು. ಹೊಟ್ಟೆನೋವು ತಾಳಲಾರದೆ ಎಂದು ಪತ್ರಿಕೆಯಲ್ಲಿ ಎರಡು ಸಾಲು. "ಹೊಟ್ಟೆನೋವು ಇತ್ತೇ ಇಲ್ರಾ. ಅವ್ಳಿಗೆ ಬಡಿಸಿದವ್ಳು ನಾನು. ನಂಗೆ ಗೊತ್ತಾಗೂದಿಲ್ವಾ?"

ಹೀಗೆ ನೇರವಾಗಿ ಕೇಳುವುದೇ ಸರಿ ಎಂದು ಕಾರವಾರದ ಮನೋವೈದ್ಯರೊಬ್ಬರು ಹಿಂದೊಮ್ಮೆ ನನಗೆ ಹೇಳಿದ್ದರು. ಸಾವಿನ ಬಗ್ಗೆ ಕೇಳಿದರೆ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ, ಕೇಳುವವರಿದ್ದಾರೆ ಎಂದು ಮಗುವಿಗೆ ಗೊತ್ತಾಗುತ್ತದೆ. ಒಂಟಿಯಾಗಿ ಬಿಡಬಾರದು, ಬೇಗ ಚಿಕಿತ್ಸೆಗೆ ಕರೆತರಬೇಕು. ಇದನ್ನೆಲ್ಲ ನಾನು ಹೊನ್ನುವಿಗೆ ಹೇಳುತ್ತೇನೆ.

"ಹೋದ ವರ್ಷ ಒಬ್ಳನ್ನ ಕಣ್ಣು ತೋರಿಸ್ತೆ ಅಂತ ಸುಳ್ಳು ಹೇಳಿ ಬಸ್ ಹತ್ಸಿದ್ದೆ. ಆಸ್ಪತ್ರೆಲಿ ಮನೆಯವ್ರನ್ನ ಕರ್ಕೊಂಡು ಬಾ ಅಂದ್ರು. ಈ ಹುಡುಗಿ ಹೆದ್ರೂದೇ ಮನೆಯವ್ರಿಗಲ್ವಾ?"

ಸುಮ್ಮನಿರುವುದು ಅಪಾಯವೆಂದು ನಾನು ಬಲ್ಲೆ, ಅವಳೂ ಬಲ್ಲಳು.

ಏಳು ಗಂಟೆಗೆ ವಾರ್ಡನ್ ಬರುತ್ತಾರೆ. "ರಾತ್ರಿ ಅಡುಗೆಮನೆ ದೀಪ ಯಾಕೆ ಉರೀತಿತ್ತು ಹೊನ್ನು?"

"ಬೆಕ್ಕು ಬಂದಿತ್ತು ಬಾಯೋರೆ."

ಅವರು ಹೋದ ಮೇಲೆ ಹೊನ್ನು ನನ್ನ ಕಡೆ ನೋಡುವುದಿಲ್ಲ. ರೂಪಾಳ ಎಸ್ಸೆಸ್ಸೆಲ್ಸಿ ಮುಗಿಯಲು ಇನ್ನೂ ಹದಿನಾರು ತಿಂಗಳು.

"ಅಲ್ಲೀವರೆಗೆ ನಾ ಎಚ್ಚರ ಇರ್ತೆ. ದೇವಿ ವಿಷ್ಯ ಹೇಳಿ ಅವ್ಳನ್ನ ಕಳ್ಕಂಡೆ ಅಕ್ಕೋರೆ. ಈ ಸಲ ಯಾರಿಗೂ ಹೇಳೂದಿಲ್ಲ."