ಅಪ್ಪ ಸೇದಿ ಕೊಟ್ಟ ನೀರು

ನಮ್ಮ ಮನೆಯಲ್ಲಿ ನನಗೆ ಚರಂಡಿ ಡಾಕ್ಟರ್ ಎಂದೇ ಹೆಸರು. ಅಣ್ಣ ಇಟ್ಟದ್ದು. ಎಂಬಿಬಿಎಸ್ ಮುಗಿಸಿ ಮೇಲೆ ಓದಿದವಳು ಮೂಳೆಯನ್ನೋ ಹೃದಯವನ್ನೋ ನೋಡುವುದು ಬಿಟ್ಟು, ಊರಿನ ಕೊಳಚೆ ಎಲ್ಲಿ ಹರಿಯುತ್ತದೆ, ಅದರ ಪಕ್ಕದಲ್ಲಿ ಯಾರು ಮಲಗುತ್ತಾರೆ ಎಂದು ನೋಡಿಕೊಂಡು ತಿರುಗಿದರೆ ಮನೆಯವರಾದರೂ ಎಷ್ಟು ದಿನ ಸುಮ್ಮನಿರುತ್ತಾರೆ? ಅಪ್ಪ ಮಾತ್ರ ತಮಾಷೆ ಮಾಡಿದವರಲ್ಲ. ಕೊಟ್ಟಾರದ ನಮ್ಮ ಓಣಿಯ ಸಣ್ಣ ದೇವಸ್ಥಾನದಲ್ಲಿ ಅವರು ಅರ್ಚಕರು. ಇಬ್ಬರದ್ದೂ ಶುದ್ಧಿಯ ಕೆಲಸವೇ ಅಲ್ಲವಾ ಎಂದು ಒಮ್ಮೆ ಹೇಳಿದ್ದರು.

ಆ ಬೇಸಿಗೆಯಲ್ಲಿ ಓಣಿಗೆ ಕಾಮಾಲೆ ಬಂತು. ಒಂದು ಮನೆ ಬಿಟ್ಟು ಒಂದು ಮನೆಯಲ್ಲಿ ಹಳದಿ ಕಣ್ಣು. ಕಾರಣ ಹುಡುಕಲು ಓಣಿಯವರಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಮೂಲೆಯಲ್ಲಿ ಕಬ್ಬಿನ ಹಾಲಿನ ಗಾಡಿ ಇಡುತ್ತಿದ್ದ ಬ್ಯಾರಿ ಮುಸ್ಲಿಂ ಯುವಕನೊಬ್ಬನಿದ್ದ, ಕುದ್ರೋಳಿಯಿಂದ ಬರುತ್ತಿದ್ದ. ಅವನ ಐಸು, ಅವನ ಬಕೆಟ್ಟು, ಕೊನೆಗೆ ಅವನ ಧರ್ಮ, ಎಲ್ಲದರ ಮೇಲೂ ಮಾತು ಬಂತು. ಒಂದು ಬೆಳಿಗ್ಗೆ ನಾಲ್ಕು ಜನ ಸೇರಿ ಗಾಡಿ ಎತ್ತಿಸಿದರು. ಆಮೇಲೆ ನನ್ನ ಬಳಿ ಬಂದು, ರೋಗ ಹರಡಿದ್ದು ಅವನಿಂದಲೇ ಎಂದು ನಾನು ಸಹಿ ಹಾಕಿ ಕೊಡಬೇಕು ಎಂದರು. ನೋಡದೆ ಬರೆಯುವವಳಲ್ಲ ಎಂದೆ. ಮುಖ ಗಂಟು ಹಾಕಿಕೊಂಡು ಹೋದರು.

ಮನೆಮನೆಗೆ ಹೋಗಿ ಏನು ಕುಡಿದಿರಿ ಎಂದು ಕೇಳಿದೆ. ಕಾಮಾಲೆಯವರಲ್ಲಿ ಎಷ್ಟೋ ಜನ ಗಾಡಿಯ ಹತ್ತಿರ ಸುಳಿದವರೇ ಅಲ್ಲ. ಹೊರಗಿನ ನೀರನ್ನೇ ಮುಟ್ಟದ ಅಜ್ಜಿಗೂ ಬಂದಿತ್ತು. ಆದರೆ ಆಕೆ ದಿನಾ ಬೆಳಿಗ್ಗೆ ದೇವಸ್ಥಾನಕ್ಕೆ ಹೋಗಿ ತೀರ್ಥ ತೆಗೆದುಕೊಳ್ಳುತ್ತಿದ್ದರು. ಉಳಿದವರನ್ನೂ ಕೇಳಿದೆ. ಅವರೂ ಹಾಗೆಯೇ. ತೀರ್ಥದ ನೀರು ದೇವಸ್ಥಾನದ ಅಂಗಳದ ಬಾವಿಯದು, ಗೋಡೆಯ ಆಚೆಗೇ ಹೊಸ ಫ್ಲಾಟಿನ ಡ್ರೈನೇಜ್ ಚೇಂಬರ್. ಗಾಡಿಯವನ ಮೇಲಿನ ಅಪವಾದ ಹೋಗಬೇಕಾದರೆ ನಾನು ಬೊಟ್ಟು ಮಾಡಬೇಕಾದದ್ದು ಅಪ್ಪನ ಕೈಯನ್ನು.

ಮಡಿಯಲ್ಲಿಲ್ಲದವರು ಆ ಬಾವಿಯಿಂದ ನೀರು ಸೇದುವ ಹಾಗಿಲ್ಲ. ಹಾಗಾಗಿ ನನ್ನ ಪರೀಕ್ಷೆಯ ಬಾಟಲಿಗೆ ಅಪ್ಪನೇ ಸೇದಿ ತುಂಬಿಸಿ ಕೊಟ್ಟರು, ಒದ್ದೆ ಪಂಚೆಯಲ್ಲಿ ನಿಂತು, ಒಂದು ಹನಿ ಚೆಲ್ಲದ ಹಾಗೆ. "ನೋಡು ಮಗಾ, ಗಾಜಿನ ಹಾಗೆ ಉಂಟು," ಎಂದರು. ವರದಿ ಬರುವ ತನಕ ತೀರ್ಥ ಕೊಡಬೇಡಿ ಎಂದಾಗ, ನಿನ್ನ ಸಮಾಧಾನಕ್ಕೆ ಎಂದು ನಿಲ್ಲಿಸಿದರು. ಅವರಿಗೆ ಭಯವೇ ಇರಲಿಲ್ಲ.

ವರದಿ ಬರುವ ಮೊದಲೇ, ಕಾಮಾಲೆಯಾಗಿ ಆಸ್ಪತ್ರೆಯಲ್ಲಿದ್ದ ಎದುರು ಮನೆಯ ಸೊಸೆ ತೀರಿಕೊಂಡಳು. ಎಂಟು ತಿಂಗಳ ಬಸುರಿ. ಈ ಬಗೆಯ ಕಾಮಾಲೆ ಹೆಚ್ಚಿನವರನ್ನು ಮಲಗಿಸಿ ಎಬ್ಬಿಸುತ್ತದೆ, ಬಸುರಿಯರನ್ನು ಮಾತ್ರ ಎಷ್ಟೋ ಸಲ ಕೊಂದುಬಿಡುತ್ತದೆ. ಮಗುವೂ ಉಳಿಯಲಿಲ್ಲ. ಇಷ್ಟು ಓದಿಯೂ ಕೈಯಲ್ಲಿ ಏನೂ ಆಗಲಿಲ್ಲವಲ್ಲ ಎಂದು ನನ್ನ ಓದಿನ ಮೇಲೆಯೇ ಸಿಟ್ಟು ಬಂತು.

ಬಾವಿಗೆ ಪಾಯಿಖಾನೆಯ ನೀರು ಸೇರಿದೆ ಎಂದು ವರದಿ ಬಂತು. ಬೇರೆ ಯಾರಿಗೂ ಹೇಳುವ ಮೊದಲು ಅಪ್ಪನಿಗೆ ಹೇಳಿದೆ. ಅವರು, "ಆ ಹುಡುಗಿ ಹೋದದ್ದು ಇದರಿಂದಲಾ?" ಎಂದು ಕೇಳಿದರು. ಖಂಡಿತವಾಗಿ ಹೇಳಲಾಗದು ಎನ್ನಬಹುದಿತ್ತು. ವೈದ್ಯರ ಬಾಯಲ್ಲಿ ಅಂಥ ಮಾತುಗಳಿಗೆ ಬರವಿಲ್ಲ. ಆದರೆ ಗಾಡಿಯವನಿಗೆ ಯಾರೂ ಕೊಡದ ಸಂಶಯದ ಲಾಭವನ್ನು ಅಪ್ಪನಿಗೆ ಮಾತ್ರ ಹೇಗೆ ಕೊಡಲಿ?

"ಹೆಚ್ಚಾಗಿ ಇದರಿಂದಲೇ ಅಪ್ಪ," ಎಂದೆ.

ಮರುದಿನ ಪೂಜೆ ಮುಗಿದ ಮೇಲೆ ಅವರು ಸೇರಿದವರ ಮುಂದೆ ನಿಂತು, ದೋಷ ಬಾವಿಯಲ್ಲಿತ್ತು, ಗಾಡಿಯವನಲ್ಲಿ ಅಲ್ಲ ಎಂದು ತಾವೇ ಹೇಳಿದರು. ಗಾಡಿ ಎತ್ತಿಸಿದವರು ನೆಲ ನೋಡಿದರು. ಅವನನ್ನು ಕರೆದು ತರಲು ನಾನೇ ಕುದ್ರೋಳಿಗೆ ಹೋದೆ. ಸುರತ್ಕಲ್ ಕಡೆ ಜಾಗ ಸಿಕ್ಕಿದೆ, ಅಲ್ಲಿ ತನ್ನ ಗುರುತು ಯಾರಿಗೂ ಇಲ್ಲ, ಅದೇ ಒಳ್ಳೆಯದು ಎಂದ. ಸಿಟ್ಟಿನಿಂದ ಹೇಳಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ.

ಸೂತಕದ ಮನೆಗೆ ಅರ್ಚಕರು ಕಾಲಿಡುವ ಕ್ರಮವಿಲ್ಲ. ಆದರೂ ಅದೇ ಸಂಜೆ ಅಪ್ಪ ಎದುರು ಮನೆಗೆ ಹೊರಟರು. ನಾನೂ ಹಿಂದೆಯೇ ಹೋದೆ. ಚಾವಡಿಯಲ್ಲಿ ಸತ್ತವಳ ಅತ್ತೆ ಒಬ್ಬರೇ ಕೂತಿದ್ದರು. ಅಪ್ಪ ಕೂರಲಿಲ್ಲ.

"ಅಮ್ಮ, ಆ ನೀರು ನನ್ನ ಕೈಯಿಂದಲೇ ಹೋದದ್ದು. ಎಲ್ಲರಿಗೂ ಮೂರು ಸಲ ಕೊಟ್ಟರೆ ಅವಳಿಗೆ ಒಂದು ಹೆಚ್ಚು ಕೊಡ್ತಿದ್ದೆ. ಹೊಟ್ಟೆಯಲ್ಲಿರುವ ಮಗುವಿಗೆ ಅಂತ."

ಆಕೆ ತಲೆ ಎತ್ತಲಿಲ್ಲ.

"ನೀವು ಮರೆತಿದ್ದೀರಿ ಭಟ್ರೆ," ಎಂದರು. "ಒಂದು ಹೆಚ್ಚು ಕೊಡಿ ಅಂತ ಕೇಳಿದ್ದು ನಾನು."

ಗೋಡೆಯಾಚೆಯ ಫ್ಲಾಟಿನ ಚೇಂಬರಿನ ಒಡೆದ ಪೈಪನ್ನು ನಾನು ಆ ದಿನವಷ್ಟೇ ತೆಗೆಸಿ ನೋಡಿದ್ದೆ. ಯಾರ ತಪ್ಪು ಎಂದು ಹೇಳಬಲ್ಲವಳು ಅಲ್ಲಿ ನಾನೊಬ್ಬಳೇ ಇದ್ದೆ. ಅವರಿಬ್ಬರೂ ನನ್ನನ್ನು ಕೇಳಲಿಲ್ಲ.